ಜರ್ಸಿ ಸಿಟಿಯಿಂದ ಜೈಸಲ್ಮೇರಿಗೆ

ಬೇರೆಯವರು ಪ್ರವಾಸ ಹೋದರೆ ಊರು ನೋಡಿಕೊಂಡು ಬರುತ್ತಾರೆ. ನಮ್ಮ ಮನೆಯವರು ಹೋದರೆ ಆ ಊರೇ ಕೆಲಸ ಬಿಟ್ಟು ನಿಂತು ನಮ್ಮನ್ನು ನೋಡುತ್ತದೆ. ನಯಾಗರಾದಲ್ಲೂ ಹಾಗಾಗಿದೆ, ತಿರುಪತಿಯಲ್ಲೂ ಹಾಗಾಗಿದೆ. ಹೋದ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟೆ, ಅರಮನೆ ನೋಡೋಣವೆಂದು ಹೊರಟಾಗ, ಈ ಸಲವಾದರೂ ಮರ್ಯಾದೆಯಿಂದ ಹೋಗಿ ಬರೋಣ ಅಂತ ನಾನು ಮೊದಲೇ ಹೇಳಿದ್ದೆ. ಎಲ್ಲರೂ ಆಗಲಿ ಅಂದಿದ್ದರು.

ನಾವು ನಾಲ್ಕು ಜನ. ನಾನು ಜರ್ಸಿ ಸಿಟಿಯಲ್ಲಿ ಒಂದು ಬ್ಯಾಂಕಿನ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ನಮ್ಮವರು ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿ, ಈಗ ಮ್ಯಾನ್‌ಹಟನ್ನಿನ ದೊಡ್ಡ ದೊಡ್ಡ ಕಟ್ಟಡಗಳಿಗೆ ಹೀಟಿಂಗು, ಬಿಸಿನೀರು ಡಿಸೈನ್ ಮಾಡುವವರು. ಅವರ ಅಕ್ಕ, ಅಂದರೆ ನನ್ನ ಅತ್ತಿಗೆ, ಲಾಂಗ್ ಐಲ್ಯಾಂಡಿನ ಜೆರಿಕೋದವರು. ರಿಟೈರಾದ ಫಾರ್ಮಸಿಸ್ಟ್. ಮಂಡಿನೋವು ಅಂತ ಅವರ ಯಜಮಾನರು ಬರಲಿಲ್ಲ. ಅತ್ತಿಗೆ ಎರಡು ವಾರ ಮನೆಯಲ್ಲಿರುವುದಿಲ್ಲ ಅಂತ ಗೊತ್ತಾದ ಮೇಲೆ ಆ ಮಂಡಿನೋವು ಜಾಸ್ತಿಯಾಯಿತು ಅನ್ನುವವರೂ ಇದ್ದಾರೆ. ನಾಲ್ಕನೆಯವಳು ಕಾಲೇಜು ಓದುತ್ತಿರುವ ನಮ್ಮ ಮಗಳು. ಕನ್ನಡದಲ್ಲಿ ಕೇಳಿದರೆ ಪೂರ್ತಿ ಅರ್ಥ ಮಾಡಿಕೊಂಡು ಪೂರ್ತಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ಮರುಭೂಮಿ ಅಂದಮೇಲೆ ಸೆಕೆ

ಪ್ಯಾಕಿಂಗ್ ಮಾಡುವಾಗ ಮಗಳು ಒಂದೇ ಮಾತು ಹೇಳಿದಳು: "ಅಪ್ಪಾ, ಡೆಸರ್ಟ್ಸ್ ಗೆಟ್ ಕೋಲ್ಡ್."

ನಮ್ಮವರು ನಕ್ಕುಬಿಟ್ಟರು. "ನಾನು ಹೀಟಿಂಗ್ ಇಂಜಿನಿಯರ್ ಕಣಮ್ಮಾ. ಚಳಿ ಯಾವುದು, ಸೆಕೆ ಯಾವುದು ಅಂತ ನಂಗೇ ಹೇಳ್ಕೊಡ್ತೀಯಾ?"

ಹೊರಡುವ ದಿನ ಜರ್ಸಿಯಲ್ಲಿ ಹಿಮ ಬೀಳುತ್ತಿತ್ತು. ನೂವರ್ಕ್ ಏರ್‌ಪೋರ್ಟಿಗೆ ಬಿಡಲು ಬಂದ ಸ್ನೇಹಿತರ ಕಾರಿನಲ್ಲೇ ನಮ್ಮವರು ನಾಲ್ಕೂ ಜನರ ಜಾಕೆಟ್ ಬಿಚ್ಚಿಸಿ, "ಇದನ್ನೆಲ್ಲ ಹೊತ್ಕೊಂಡು ಮರಳಲ್ಲಿ ಓಡಾಡೋಕಾಗುತ್ತಾ?" ಅಂತ ಅಲ್ಲೇ ಬಿಟ್ಟರು. ತೆಳ್ಳನೆಯ ಹತ್ತಿ ಬಟ್ಟೆಯಲ್ಲಿ ಬಿಕಾನೇರ್ ತಲುಪಿದೆವು.

ಹಳೆಯ ಹವೇಲಿಯನ್ನು ಹೋಟೆಲ್ ಮಾಡಿದ್ದರು. ಸಂಜೆಯಾಗುತ್ತಲೂ ಕಲ್ಲಿನ ಗೋಡೆ, ಕಲ್ಲಿನ ನೆಲ, ಕಲ್ಲಿನ ಮಂಚದ ಕಟ್ಟೆ ಎಲ್ಲ ಫ್ರಿಜ್ಜಿನ ಒಳಗಿಟ್ಟ ಹಾಗೆ ತಣ್ಣಗಾದವು. ಊಟಕ್ಕೆ ಕರೆದಾಗ ಅತ್ತಿಗೆ ಸೀರೆಯ ಮೇಲೆ ಮಂಚದ ರಜಾಯಿಯನ್ನೇ ಹೊದ್ದು, ಅದರ ತುದಿಯನ್ನು ಸೆರಗಿನಂತೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದರು. ಅಂಗಳದಲ್ಲಿ ಹಾಡುತ್ತಿದ್ದವರು ಯಾರೋ ರಾಣಿ ಬಂದರೆಂದುಕೊಂಡು ಎದ್ದು ನಿಂತರು.

ಮ್ಯಾನೇಜರ್ ಗಾಬರಿಯಾಗಿ ಬಂದು, "ಯಾವ ಊರಿಂದ ಬಂದಿದ್ದೀರಿ?" ಅಂತ ಹಿಂದಿಯಲ್ಲಿ ಕೇಳಿದ.

"ನ್ಯೂಯಾರ್ಕ್," ಅಂದೆ. ಶಾಲೆಯಲ್ಲಿದ್ದಾಗ ಹಿಂದಿ ಪರೀಕ್ಷೆಗಳನ್ನು ಕಟ್ಟಿ ಪಾಸು ಮಾಡಿದವಳು ನಾನೊಬ್ಬಳೇ. ಹಾಗಾಗಿ ಪ್ರವಾಸವಿಡೀ ಮಾತು ನನ್ನ ಪಾಲಿಗೆ ಬಂದಿತ್ತು.

"ಅಲ್ಲಿ ಹಿಮ ಬೀಳುತ್ತಲ್ಲ ಮೇಡಂ?"

ಅತ್ತಿಗೆ ರಜಾಯಿಯೊಳಗಿಂದಲೇ ಹೇಳಿದರು: "ಬೀಳುತ್ತೆ ಅಂತ ಹೇಳೇ. ಆದ್ರೆ ಅಲ್ಲಿ ಚಳಿ ಮನೆ ಹೊರಗಿರುತ್ತೆ. ಇಲ್ಲಿ ರೂಮೊಳಗೇ ಬಾಡಿಗೆಗಿದೆ."

ನಮ್ಮವರು ಮಾತ್ರ ಸೋಲಲಿಲ್ಲ. ಹೀಟಿಂಗ್ ಏರಿಸಿ ಇಳಿಸುವ ಗುಂಡಿಗಾಗಿ ರೂಮಿನ ನಾಲ್ಕೂ ಗೋಡೆ ತಡವಿ ತಡವಿ ನೋಡಿ, "ಥರ್ಮೋಸ್ಟಾಟ್ ಎಲ್ಲಿಟ್ಟಿದೀರಾ?" ಅಂತ ಕೇಳಿದರು. ಮ್ಯಾನೇಜರ್ ಒಳಗೆ ಹೋಗಿ ನಾಲ್ಕು ರಬ್ಬರಿನ ಬಿಸಿನೀರಿನ ಚೀಲ ತಂದು ಕೈಗೆ ಕೊಟ್ಟ. "ನಮ್ಮಲ್ಲಿ ಒಬ್ಬೊಬ್ಬರಿಗೂ ಸಪರೇಟ್ ಸರ್."

ರಾಜರ ಮುಖ

ಮರುದಿನ ಅರಮನೆ. ಗೈಡು ಕನ್ನಡಿಯ ಕೋಣೆ ತೋರಿಸಿದ, ಚಿನ್ನದ ಬಣ್ಣದ ಚಾವಣಿ ತೋರಿಸಿದ, ಆನೆಯ ಅಂಬಾರಿ ತೋರಿಸಿದ. ಒಂದೊಂದು ಕೋಣೆಯಲ್ಲೂ ಅತ್ತಿಗೆಯದು ಒಂದೇ ಪ್ರಶ್ನೆ: "ಅಡುಗೆಮನೆ ಎಲ್ಲಿ?"

ಕೊನೆಗೆ ಅವನು ದೂರದಲ್ಲಿ, ಎರಡು ಅಂಗಳದಾಚೆ ಒಂದು ಕಟ್ಟಡ ತೋರಿಸಿದ. ಅಡುಗೆ ಅಲ್ಲಾಗುತ್ತಿತ್ತಂತೆ. ಅಲ್ಲಿಂದ ಹೊತ್ತು ತಂದ ಮೇಲೆ ವಿಷ ಇದೆಯೋ ಅಂತ ಒಬ್ಬ ತಿಂದು ನೋಡಬೇಕಂತೆ. ಅವನಿಗೆ ಏನೂ ಆಗಲಿಲ್ಲ ಅಂತ ಖಾತ್ರಿಯಾಗುವ ತನಕ ಕಾದು, ಆಮೇಲೆ ರಾಜರ ಊಟ.

"ಅಂದ್ರೆ ಪಾಪ, ಜೀವಮಾನವೆಲ್ಲ ಆರಿದ ಅನ್ನ ತಿಂದಿದಾರೆ," ಅಂದರು ಅತ್ತಿಗೆ. ಮುಂದಿನ ಕೋಣೆಯಲ್ಲಿ ಸಾಲಾಗಿ ರಾಜರ ದೊಡ್ಡ ದೊಡ್ಡ ಚಿತ್ರಗಳಿದ್ದವು. ಒಬ್ಬರ ಮುಖದಲ್ಲೂ ನಗುವಿಲ್ಲ. ಅವರ ಗಾಂಭೀರ್ಯ, ಶೌರ್ಯ ಅಂತ ಗೈಡು ವರ್ಣಿಸತೊಡಗಿದ. ಅತ್ತಿಗೆ ತಲೆಯಾಡಿಸಿದರು. "ಶೌರ್ಯ ಅಲ್ಲ ಕಣಪ್ಪ. ಗ್ಯಾಸ್ಟ್ರಿಕ್."

ಕಿವಿಗೆ ಬಿದ್ದ ಇತಿಹಾಸ

ಜೋಧಪುರದ ಕೋಟೆಯಲ್ಲಿ ಕಿವಿಗೆ ಹಾಕಿಕೊಂಡು ಕೇಳುವ ಯಂತ್ರ ಕೊಡುತ್ತಾರೆ. ನಂಬರ್ ಒತ್ತಿದರೆ ಅಲ್ಲಲ್ಲಿಯ ಕಥೆ ಹೇಳುತ್ತದೆ. ಯಾವ ಭಾಷೆ ಬೇಕು ಅಂತ ಕೌಂಟರಿನಲ್ಲಿ ಕೇಳಿದರು. ನಾವು ಮೂವರೂ ಇಂಗ್ಲಿಷ್ ತೆಗೆದುಕೊಂಡೆವು. ಹಿಂದಿನ ಸಾಲಿನಲ್ಲಿದ್ದ ವಿದೇಶಿಯರ ಗುಂಪಿನೊಳಗೆ ಸೇರಿಹೋಗಿದ್ದ ಅತ್ತಿಗೆ, ಕೌಂಟರಿನವರು ಏನು ಕೇಳಿದರೂ "ಎಸ್, ಎಸ್" ಅಂದು ಒಂದು ಯಂತ್ರ ತೆಗೆದುಕೊಂಡು ಬಂದರು.

ಆಮೇಲೆ ನೋಡಬೇಕು ಅವರ ಶ್ರದ್ಧೆ! ಹರಿಕಥೆಗೆ ಕೂತವರ ಹಾಗೆ ಕಣ್ಣು ಮುಚ್ಚಿ ಕೇಳುವುದು, "ಅಯ್ಯೋ ಪಾಪ" ಅನ್ನುವುದು, ಒಂದು ತೋಪಿನ ಮುಂದೆ ನಿಂತು ಕಣ್ಣೊರೆಸಿಕೊಳ್ಳುವುದು. ಬೆಂಗಳೂರಿನಿಂದ ಬಂದಿದ್ದ ಒಂದು ಕನ್ನಡದ ಸಂಸಾರ ಸಿಕ್ಕಿತು. ಅವರಿಗೆ ಅತ್ತಿಗೆ ತಾವು ಕೇಳಿದ್ದನ್ನು ವಿವರಿಸಿಯೂಬಿಟ್ಟರು. ಯಾವುದೋ ರಾಜನಿಗೆ ಮಕ್ಕಳಿರಲಿಲ್ಲ, ಹರಕೆ ಹೊತ್ತ, ಅವಳಿಜವಳಿ ಆಯಿತು ಅಂತ. ಅವರು ಭಕ್ತಿಯಿಂದ ಕೇಳಿಕೊಂಡು, "ಥ್ಯಾಂಕ್ಸ್ ಆಂಟಿ" ಅಂತ ಹೋದರು.

ಹೊರಗೆ ಬಂದಮೇಲೆ ಮಗಳು ಕುತೂಹಲಕ್ಕೆ ಅವರ ಯಂತ್ರವನ್ನು ಕಿವಿಗಿಟ್ಟುಕೊಂಡಳು. ಕಣ್ಣು ಅಗಲವಾಯಿತು. "ಅತ್ತೆ, ದಿಸ್ ಈಸ್ ಜರ್ಮನ್."

ಅತ್ತಿಗೆ ಯಂತ್ರವನ್ನು ಇಸಿದುಕೊಂಡು ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ನಾನು ಮಾರವಾಡಿ ಅಂದ್ಕೊಂಡೆ ಕಣೇ. ನಮ್ಮ ಕನ್ನಡಕ್ಕೆ ಎಷ್ಟು ಹತ್ತಿರ ಇದೆ, ಮುಕ್ಕಾಲು ಭಾಗ ಅರ್ಥ ಆಯ್ತಲ್ಲ ಅಂತ!"

ಪೇಟದ ಮಹಿಮೆ

ಅದೇ ಜೋಧಪುರದ ಪೇಟೆಬೀದಿಯಲ್ಲಿ ನಮ್ಮವರು ಕೆಂಪು ಪೇಟ ಕಟ್ಟಿಸಿಕೊಂಡರು. ಮೀಸೆ ಮೊದಲೇ ದಪ್ಪ. ಬೆನ್ನ ಮೇಲೆ ಮಾರುದ್ದ ಬಾಲ ಇಳಿಬಿಟ್ಟುಕೊಂಡು, ನಾವು ಟೀ ಕುಡಿದ ಹಳೆಯ ಅರಮನೆ ಹೋಟೆಲಿನ ಬಾಗಿಲಲ್ಲಿ, ಕೈ ಹಿಂದೆ ಕಟ್ಟಿ, ನಮ್ಮ ಕಾರಿಗಾಗಿ ಕಾಯುತ್ತಾ ನಿಂತರು.

ಒಂದು ಕಾರು ಬಂತು. ನಮ್ಮದಲ್ಲ. ಅದರಿಂದ ಇಳಿದ ವಯಸ್ಸಾದ ಅಮೆರಿಕನ್ ದಂಪತಿ ಇವರಿಗೆ ಕೈಮುಗಿದು, ಸೂಟ್‌ಕೇಸನ್ನು ಇವರ ಕೈಗೇ ಕೊಟ್ಟರು. ಹಿರಿಯರು ಕೊಟ್ಟಿದ್ದು ಬೇಡ ಅನ್ನಬಾರದು ಅಂತ ಇವರು ಹಿಡಿದುಕೊಂಡು, "ವೆಲ್ಕಮ್, ಜಾಗ್ರತೆ, ಮೆಟ್ಟಿಲಿದೆ," ಅಂತ ಇಂಗ್ಲಿಷಿನಲ್ಲಿ ಹೇಳಿದರು.

ಆಕೆಗೆ ಆಶ್ಚರ್ಯ. "ಎಷ್ಟು ಒಳ್ಳೇ ಇಂಗ್ಲಿಷ್ ನಿಮ್ಮದು! ಎಲ್ಲಿ ಕಲಿತಿರಿ?"

"ಜರ್ಸಿ ಸಿಟಿಯಲ್ಲಿ ಇಂಪ್ರೂವ್ ಆಯ್ತು."

ಇಬ್ಬರೂ ಗಹಗಹಿಸಿ ನಕ್ಕರು. "ನಾವು ನ್ಯೂಜರ್ಸಿಯವರು ಅಂತ ಡ್ರೈವರ್ ಹೇಳಿಬಿಟ್ಟನಾ? ನಮ್ಮ ಊರು ರಾಬಿನ್ಸ್‌ವಿಲ್. ನೀವು ಹೆಸರೇ ಕೇಳಿರಲಿಕ್ಕಿಲ್ಲ."

"ಟರ್ನ್‌ಪೈಕ್ ಹೈವೇಯ ಎಕ್ಸಿಟ್ ಸೆವೆನ್ ಎ ತಾನೆ?" ಅಂದರು ನಮ್ಮವರು.

ಆತನ ನಗು ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ನಾವು ಮೂವರು ಬಂದು ವಿಷಯ ತಿಳಿಸಿದೆವು. ಆಕೆ ಕೆಂಪಗಾಗಿ ಕ್ಷಮೆ ಕೇಳಿದ್ದೇ ಕೇಳಿದ್ದು. ಮಾತು ಬದಲಿಸಲು, "ಹಾಗಾದರೆ ನಮ್ಮೂರಿನ ಆ ದೊಡ್ಡ ದೇವಸ್ಥಾನ ನೀವು ಎಷ್ಟು ಸಲ ನೋಡಿದ್ದೀರೋ! ಏನು ಕೆತ್ತನೆ! ನಾವು ವರ್ಷಾ ವರ್ಷಾ ಹೋಗುತ್ತೇವೆ. ಅದನ್ನು ನೋಡಿಯೇ ಈ ದೇಶಕ್ಕೆ ಬರಬೇಕು ಅನ್ನಿಸಿದ್ದು," ಅಂದರು.

ನಾವು ಮುಖ ಮುಖ ನೋಡಿಕೊಂಡೆವು. ಆ ದಾರಿಯಲ್ಲಿ ಎಷ್ಟೋ ವರ್ಷದಿಂದ ಡ್ರೈವ್ ಮಾಡುತ್ತಿದ್ದೇವೆ. ಒಮ್ಮೆಯೂ ಒಳಗೆ ಹೋಗಿರಲಿಲ್ಲ.

"ಪಾರ್ಕಿಂಗ್ ಸಿಗಲ್ಲ ಅಂತ..." ಅಂದೆ ನಾನು.

"ಬೇಕಾದಷ್ಟಿದೆ," ಅಂದರು ಆತ. "ಹೋದಾಗ ನಮ್ಮ ಮನೆಗೂ ಬನ್ನಿ. ದೇವಸ್ಥಾನಕ್ಕೆ ಹೇಗೆ ಹೋಗಬೇಕು, ಚಪ್ಪಲಿ ಎಲ್ಲಿ ಬಿಡಬೇಕು, ಎಲ್ಲ ನಾವು ಹೇಳಿಕೊಡುತ್ತೇವೆ."

ಮನೆಯೋ ಮ್ಯೂಸಿಯಮ್ಮೋ

ಜೈಸಲ್ಮೇರಿನ ಕೋಟೆ ಬೇರೆ ಕೋಟೆಗಳ ಹಾಗಲ್ಲ. ಅದರೊಳಗೆ ಈಗಲೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಹಳದಿ ಕಲ್ಲಿನ ಸಣ್ಣ ಸಣ್ಣ ಗಲ್ಲಿಗಳು, ಕೆತ್ತನೆಯ ಬಾಲ್ಕನಿಗಳು, ಮಧ್ಯೆ ಒಂದು ಹಸು. ಮನೆಯಲ್ಲಿ ಮದುವೆಯಾದರೆ ಹೊರಗೋಡೆಯ ಮೇಲೆ ದೊಡ್ಡದಾಗಿ ಗಣಪತಿಯ ಚಿತ್ರ ಬಿಡಿಸಿ, ಹುಡುಗ-ಹುಡುಗಿಯ ಹೆಸರು ಬರೆಯುತ್ತಾರೆ. ಇದನ್ನೆಲ್ಲ ಗೈಡು ಹೇಳುವಾಗ ನಮ್ಮವರು ಫೋಟೋ ತೆಗೆಯುತ್ತಾ ಹಿಂದುಳಿದಿದ್ದರು.

ತಿರುಗಿ ನೋಡಿದಾಗ ಇವರಿಲ್ಲ. ಫೋನಿನ ಚಾರ್ಜ್ ಮುಗಿದಿದೆ ಅಂತ ಅದನ್ನು ನನ್ನ ಬ್ಯಾಗಿನಲ್ಲೇ ಹಾಕಿ, ಮಗಳ ಕ್ಯಾಮೆರಾ ಇಸಿದುಕೊಂಡು ಹೋಗಿದ್ದರು. ಮಧ್ಯಾಹ್ನ ನಮಗೆ ದೆಹಲಿ ರೈಲು. ಮೊದಲು ಸಿಟ್ಟು ಬಂತು. ಎಲ್ಲಾ ಗಲ್ಲಿಯೂ ಒಂದೇ ಥರ, ಹುಡುಕುತ್ತಾ ಹುಡುಕುತ್ತಾ ಹೊರಟಲ್ಲಿಗೇ ಮತ್ತೆ ಬಂದಾಗ ಸಿಟ್ಟು ಇಳಿದು ಹೆದರಿಕೆ ಶುರುವಾಯಿತು. ಅವರಿಗೆ ಬಿ.ಪಿ. ಬೇರೆ. ಕೋಟೆಯ ಗೋಡೆಯಿಂದ ಕೆಳಗೆ ಬಗ್ಗಿ ನೋಡಿದೆ.

ಅತ್ತಿಗೆ ಒಂದು ಜಗಲಿಯ ಮೇಲೆ ಕೂತು ಅಳತೊಡಗಿದರು. "ಅಮ್ಮ ಹೋಗೋವಾಗ ಅವನ ಕೈ ನನ್ನ ಕೈಲಿಟ್ಟು ಹೋದಳು ಕಣೇ. ಈಗ ಏನು ಮಾಡ್ಲಿ?" ಪ್ರವಾಸದುದ್ದಕ್ಕೂ ಕಿಟಕಿ ಸೀಟಿಗಾಗಿ ನನ್ನ ಜೊತೆ ಜಗಳವಾಡಿದ್ದ ಅತ್ತಿಗೆ ನನ್ನ ಕೈಯನ್ನು ಬಿಡಲೇ ಇಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಮಗಳು ಓಡಿ ಬಂದಳು. "ಐ ಹಿಯರ್ ಅಪ್ಪ. ಹೀ ಈಸ್ ಕ್ಲ್ಯಾಪಿಂಗ್."

ಗೋಡೆಯ ಮೇಲೆ ಗಣಪತಿಯ ಚಿತ್ರವಿದ್ದ ಒಂದು ಮನೆ. ಬಾಗಿಲು ತೆರೆದಿತ್ತು. ಅಂಗಳದಲ್ಲಿ ಹಗ್ಗದ ಮಂಚದ ಮೇಲೆ ನಮ್ಮವರು ಕೂತಿದ್ದಾರೆ. ಕೈಯಲ್ಲಿ ತುಪ್ಪ ಸುರಿಯುವ ಸಜ್ಜೆ ರೊಟ್ಟಿ. ಎದುರಿಗೆ ಒಬ್ಬ ಅಜ್ಜಿ, ಅವರ ಪಕ್ಕದಲ್ಲಿ ತಲೆಗೆ ಸೆರಗು ಹೊದ್ದ ಸೊಸೆ. ಬಾಗಿಲಲ್ಲಿ ನೆರೆಮನೆಯ ಇಬ್ಬರು ಹೆಂಗಸರು ಕಾಯುತ್ತಾ ನಿಂತಿದ್ದಾರೆ.

ನಾನು ಬಾಯಿ ತೆಗೆಯುವ ಮೊದಲೇ ಇವರು ತುಟಿಯ ಮೇಲೆ ಬೆರಳಿಟ್ಟರು. "ಶ್! ಜೋರಾಗಿ ಮಾತಾಡ್ಬೇಡ. ಎಲ್ಲರೂ ಕ್ಯಾರೆಕ್ಟರಲ್ಲಿದಾರೆ. ಎಂಥಾ ಆ್ಯಕ್ಟಿಂಗ್ ಅಂತೀಯಾ!"

ನನಗೆ ಆಗ ಹೊಳೆಯಿತು. ಅಮೆರಿಕದಲ್ಲಿ ಹಳೆಯ ಕಾಲದ ಹಳ್ಳಿ ಅಂತ ಮಾಡಿಟ್ಟಿರುತ್ತಾರೆ. ಅಲ್ಲಿ ಸಂಬಳದ ನಟರು ಹಿಂದಿನವರ ಬಟ್ಟೆ ಹಾಕಿಕೊಂಡು ಬೆಣ್ಣೆ ಕಡೆಯುತ್ತಾ, ಕಬ್ಬಿಣ ಬಡಿಯುತ್ತಾ, ಆ ಕಾಲದವರ ಹಾಗೇ ಮಾತಾಡುತ್ತಾರೆ. ಮಗಳು ಸಣ್ಣವಳಿದ್ದಾಗ ಕರೆದುಕೊಂಡು ಹೋಗಿದ್ದೆವು. ಇವರು ಗಣಪತಿಯ ಚಿತ್ರವನ್ನು ಬೋರ್ಡು ಅಂದುಕೊಂಡು, ಈ ಮನೆಯನ್ನೂ ಅಂಥದೇ ಮ್ಯೂಸಿಯಂ ಅಂತ ತಿಳಿದು ನೆಟ್ಟಗೆ ಒಳಗೆ ಬಂದಿದ್ದರು.

ಮನೆಯವರದು ಇನ್ನೊಂದು ಕಥೆ. ಬೆಳಗಿನಿಂದ ಗೀಸರ್ ಕೆಟ್ಟಿತ್ತು. ರಿಪೇರಿಯವನಿಗೆ ಹೇಳಿ ಕಳಿಸಿ ಕಾಯುತ್ತಿದ್ದರು. ಇವರು ಬಂದ ಕೂಡಲೇ ಸೊಸೆ, "ಇಷ್ಟು ಹೊತ್ತಿಗೆ ಬರೋದಾ?" ಅಂತ ಗದರಿ ಬಚ್ಚಲುಮನೆ ತೋರಿಸಿದ್ದಳು. ಪ್ರೇಕ್ಷಕರನ್ನೂ ನಾಟಕದೊಳಗೆ ಸೇರಿಸಿಕೊಳ್ಳುತ್ತಾರಲ್ಲ ಅಂತ ಇವರಿಗೆ ಖುಷಿಯೋ ಖುಷಿ. ಗೀಸರಿನ ಮುಚ್ಚಳ ತೆಗೆದು ನೋಡಿ, ಒಳಗಿನ ಕೆಂಪು ಗುಂಡಿಯೊಂದನ್ನು ಒತ್ತಿದ್ದಾರೆ. ನೀರು ಬಿಸಿಯಾಗಿದೆ. ಅದಕ್ಕೇ ಈ ರೊಟ್ಟಿ, ಈ ತುಪ್ಪ. ಬಾಗಿಲಲ್ಲಿ ನಿಂತವರೂ ತಂತಮ್ಮ ಗೀಸರಿಗಾಗಿಯೇ ಬಂದವರು.

ಅಜ್ಜಿ ನನ್ನನ್ನು ಹತ್ತಿರ ಕರೆದು ಹಿಂದಿಯಲ್ಲಿ ಕೇಳಿದರು: "ನಿನ್ನ ಗಂಡನಾ? ಕೆಲಸ ಗೊತ್ತಿದೆ. ಆದರೆ ತಲೆ ಸ್ವಲ್ಪ... ಯಾರು ಮೊದಲು ಸ್ನಾನ ಮಾಡಬೇಕು ಅಂತ ನನಗೂ ಸೊಸೆಗೂ ಜೋರು ಜಗಳ ಆಯಿತು. ಇವನು ಪಕ್ಕದಲ್ಲಿ ಕೂತು ಚಪ್ಪಾಳೆ ತಟ್ಟಿದ. ಒನ್ಸ್ ಮೋರ್ ಅಂದ."

ಇನ್ನು ಮುಚ್ಚಿಡುವುದು ಸರಿಯಲ್ಲ ಅಂತ ನಾನು ಎಲ್ಲವನ್ನೂ ಹೇಳಿದೆ. ಹಿಂದಿಯಲ್ಲಿ ಅವರಿಗೆ, ಕನ್ನಡದಲ್ಲಿ ಇವರಿಗೆ. ಇವರ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಮಂಚದಿಂದ ಎದ್ದು, ಬೂಟು ಹಾಕಿಕೊಂಡೇ ಒಳಗೆ ಬಂದಿದ್ದೇನೆ ಅಂತ ಆಗ ಕಂಡು, ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, "ಸಾರಿ ಅಮ್ಮಾ, ಮಾಫ್ ಮಾಡಿ," ಅಂತ ಮೂರು ಭಾಷೆಯಲ್ಲಿ ಕೈಮುಗಿದರು.

ಅಜ್ಜಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವ ತನಕ. ಸೊಸೆಯೂ ನಕ್ಕಳು. ನಗು ನಿಂತ ಮೇಲೆ ಅಜ್ಜಿ ನೆಟ್ಟಗೆ ಕೂತು, ಸೆರಗು ಸರಿಮಾಡಿಕೊಂಡು, ತುಂಬ ಗಂಭೀರವಾಗಿ ಕೇಳಿದರು:

"ಆಗಲಿ, ನಾಟಕ ಅಂತಲೇ ನೋಡಿದೆಯಲ್ಲ. ಹೇಳು, ಯಾರ ಪಾರ್ಟು ಚೆನ್ನಾಗಿತ್ತು? ನನ್ನದೋ, ಸೊಸೆಯದೋ?"

ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಇವರಿಗೆ ಹೇಳಿದೆ. ಅಜ್ಜಿ ನೋಡಿದರು, ಸೊಸೆ ನೋಡಿದಳು. ಈ ಕಡೆ ಅತ್ತಿಗೆಯೂ ನಾನೂ ಇವರು ಏನು ಹೇಳುತ್ತಾರೋ ಅಂತ ಕಾದೆವು. ತಾಯಿ, ಅಕ್ಕ, ಹೆಂಡತಿ, ಮೂವರ ನಡುವೆಯೇ ಇಷ್ಟು ವರ್ಷ ಬದುಕಿದ ಮನುಷ್ಯ. ಕೈಯಲ್ಲಿದ್ದ ಬೂಟು ನೋಡಿದರು, ಆಕಾಶ ನೋಡಿದರು, ಬಚ್ಚಲುಮನೆಯ ಕಡೆ ನೋಡಿದರು.

"ಗೀಸರಿನದು," ಅಂದರು.