ಚಿಕ್ಕಮ್ಮ ಒಡೆದ ಹಲ್ಲುಸೆಟ್ಟು

ನಮ್ಮ ಚಿಕ್ಕಮ್ಮನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಒಸಡು ನೆನಪಿರುತ್ತದೆ. ನಗಬೇಡಿ. ಅಥವಾ ನಗಿ, ನೀವು ನಕ್ಕರೆ ಅವಳಿಗೇ ಅನುಕೂಲ! ಮೊನ್ನೆ ಒಂದು ಮದುವೆಯಲ್ಲಿ ನಿವೃತ್ತ ಅಧಿಕಾರಿಯೊಬ್ಬರು ಬಂದು, "ಗುರುತು ಸಿಕ್ತಾ ಮೇಡಂ?" ಎಂದರು. ಚಿಕ್ಕಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಊಹೂಂ. "ಸ್ವಲ್ಪ ತುಟಿ ಮೇಲೆತ್ತಿ ಸಾರ್" ಎಂದಳು. ಪಾಪ, ಅವರು ಊಟದ ಕ್ಯೂನಲ್ಲೇ ಎತ್ತಿದರು. "ಅಚ್ಛಾ! ಮೇಲ್ದವಡೆ, ಬಲಗಡೆ ಒಂದು ಗಂಟು! ನೀವಾ? ಮನೆಯವರು ಚೆನ್ನಾಗಿದಾರಾ?" ಹಿಂದೆ ನಿಂತಿದ್ದ ನಾಲ್ಕು ಜನ ತಟ್ಟೆ ಹಿಡಿದುಕೊಂಡೇ ಬೇರೆ ಕ್ಯೂಗೆ ಹೋದರು.

ಊರಲ್ಲಿ ಡೆಂಟಲ್ ಟೆಕ್ನಿಷಿಯನ್ ಕೋರ್ಸು ಮುಗಿಸಿ, ಫರೀದಾಬಾದಿನ ಕಾರ್ಖಾನೆಯಲ್ಲಿದ್ದ ಚಿಕ್ಕಪ್ಪನನ್ನು ಮದುವೆಯಾಗಿ ಬಂದವಳು. ಮನೆಯ ಮುಂದಿನ ಕೋಣೆಯೇ ಅವಳ ಲ್ಯಾಬು. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ಹಲ್ಲುಗಳು ಕಂಪನಿಯಿಂದ ಬರುತ್ತವೆ, ಆ ಹಲ್ಲು ಕೂರುವ ಒಸಡು ಮಾತ್ರ ಚಿಕ್ಕಮ್ಮನ ಕೈಯದು. ಅಕ್ರಿಲಿಕ್ ಪುಡಿಗೆ ಮೂಗು ಸುಡುವಂಥ ಒಂದು ದ್ರವ ಹಾಕಿ ಮುಚ್ಚಿಟ್ಟರೆ ಮೊದಲು ಒದ್ದೆ ಮರಳಾಗುತ್ತದೆ, ಆಮೇಲೆ ನೂಲು ನೂಲು, ಕೊನೆಗೆ ಮೆತ್ತಗಿನ ಹಿಟ್ಟು. ಅದನ್ನು ಅಚ್ಚಿಗೆ ಒತ್ತಿ, ಬಿಗಿದು, ನೀರಿನಲ್ಲಿಟ್ಟು ಗಂಟೆಗಟ್ಟಲೆ ಸಣ್ಣಗೆ ಕಾಯಿಸಬೇಕು. ಬೇಗ ಕಾಯಿಸಿದರೆ ಒಳಗೆ ಗುಳ್ಳೆ ಎದ್ದು ಮುಂದೆ ಅಲ್ಲೇ ಬಿರುಕು ಬಿಡುತ್ತದೆ, ಬಿಸಿಯಲ್ಲೇ ಬಿಚ್ಚಿದರೆ ಸೊಟ್ಟಗಾಗುತ್ತದೆ.

ಈ ಶಾಸ್ತ್ರವನ್ನು ಲ್ಯಾಬಿನಲ್ಲೇ ಬಿಟ್ಟಿದ್ದರೆ ಯಾರಿಗೇನು ತೊಂದರೆಯಿತ್ತು? ಅವಳು ಅದನ್ನು ಅಡುಗೆಮನೆಗೂ ತಂದಳು. ಕುಕ್ಕರ್ ತಾನಾಗಿ ಆರುವವರೆಗೆ ಮುಚ್ಚಳ ಮುಟ್ಟುವಂತಿಲ್ಲ. "ನಮ್ಮನೇಲಿ ಬಿಸಿ ಅನ್ನ ಬೇಕು ಅಂದ್ರೆ ಹೋಟೆಲ್‌ಗೇ ಹೋಗ್ಬೇಕು ಕಣೋ" ಎಂದು ಚಿಕ್ಕಪ್ಪ ನನ್ನ ಹತ್ತಿರ ಗುಟ್ಟಾಗಿ ಗೋಳಾಡುತ್ತಾರೆ.

ಇನ್ನು ಬಣ್ಣದ ವಿಚಾರ. ಪುಡಿ ಬರುವುದು ಒಂದೇ ಗುಲಾಬಿ ಬಣ್ಣದಲ್ಲಿ. "ಯಾರ ಒಸಡು ಹೀಗೆ ಐಸ್‌ಕ್ರೀಂ ಥರ ಇರುತ್ತೆ? ನಮ್ಮದೆಲ್ಲ ಕಂದು!" ಎನ್ನುವುದು ಅವಳ ವಾದ. ತಾನೇ ಬಣ್ಣ ಬೆರೆಸಿ ಮಾಡಿದ ಅಕ್ರಿಲಿಕ್ ಚೂರುಗಳನ್ನು ಬೀಗದ ಕೈ ಗೊಂಚಲಿಗೆ ಪೋಣಿಸಿಕೊಂಡಿದ್ದಾಳೆ. ಸಿಕ್ಕವರ ಬಾಯಿಯ ಹತ್ತಿರ ಹಿಡಿದು ಹೋಲಿಸುತ್ತಾಳೆ. ತರಕಾರಿ ಭಯ್ಯಾ ಒಮ್ಮೆ ತಡೆಯಲಾರದೆ, "ಮಾತಾಜೀ, ಮೂಲೀ ದೇಖಿಯೇ, ಮುಝೇ ನಹೀಂ!" ಎಂದು, ನೋಡುವುದಾದರೆ ಇದನ್ನು ನೋಡಿ ಎಂಬಂತೆ ಮೂಲಂಗಿಯನ್ನೇ ಅಡ್ಡ ಹಿಡಿದಿದ್ದ. ಆದರೂ ಹೇಳುತ್ತೇನೆ, ಅವಳು ಮಾಡಿದ ಸೆಟ್ಟು ಹಾಕಿಕೊಂಡವರು ಬಾಯ್ತುಂಬ ನಕ್ಕರೂ ಅದು ಕಟ್ಟಿಸಿದ್ದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಇಂಥ ಚಿಕ್ಕಮ್ಮ ನಿಮಗಿದ್ದಾಳಾ? ನನಗಿದ್ದಾಳೆ!

ಅವಳ ಅಕ್ಕ, ಅಂದರೆ ನನ್ನ ಅಮ್ಮ, ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ನಮ್ಮ ಜೊತೆಗಿದ್ದಾಳೆ. ಭಾನುವಾರ ಅಲ್ಲಿನ ಸಮುದಾಯ ಭವನದ ಕೋಣೆಯಲ್ಲಿ ಕಾಲೊನಿಯ ಕನ್ನಡ ಮಕ್ಕಳಿಗೆ ಅಕ್ಷರ ಕಲಿಸುವುದೇ ಅವಳ ಜೀವ. ಹನ್ನೊಂದು ಮಕ್ಕಳು ಬರುತ್ತಿದ್ದರು. ಕಳೆದ ವರ್ಷ ಹಲ್ಲೆಲ್ಲ ಹೋದವು. ತಂಗಿಗೆ ಯಾಕೆ ತೊಂದರೆ ಎಂದು ಬೇರೆಲ್ಲೋ ಸೆಟ್ಟು ಕಟ್ಟಿಸಿಕೊಂಡಳು. ಅದು ಬಾಯಲ್ಲಿ ನಿಲ್ಲಲೇ ಇಲ್ಲ. ಪಾಠ ಮಾಡುವಾಗ ಟಕ್ ಟಕ್ ಎಂದಿತು. "ಅಜ್ಜೀ, ಯೇ ಸೌಂಡ್ ಕಹಾಂ ಸೇ ಆ ರಹಾ ಹೈ?" ಎಂದು ಒಬ್ಬಳು ಪುಟ್ಟಿ ಸದ್ದಿನ ಮೂಲ ಕೇಳಿದಳು, ಉಳಿದವರು ಬಿದ್ದು ಬಿದ್ದು ನಕ್ಕರು. ಅಮ್ಮ ಮನೆಗೆ ಬಂದು ಸೆಟ್ಟು ತೆಗೆದಿಟ್ಟಳು, ಕ್ಲಾಸೂ ನಿಲ್ಲಿಸಿದಳು. ಬಾಯಿಗೆ ಸೆರಗು ಹಿಡಿದುಕೊಂಡು ಕೂತವಳು ನನ್ನೊಂದಿಗೂ ಮಾತು ಕಡಿಮೆ ಮಾಡಿದಳು.

ಸುದ್ದಿ ತಿಳಿದ ಚಿಕ್ಕಮ್ಮ ಮೊದಲು ಬೈದಳು, ಆಮೇಲೆ ಅಕ್ಕನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿ ಅಳತೆ ಕೊಡಿಸಿದಳು. "ಈ ಭಾನುವಾರ ಕ್ಲಾಸು ಅಂತ ಎಲ್ಲರಿಗೂ ಹೇಳಿಬಿಡು" ಎಂದಳು. ಹೇಳಲೇಬೇಕಿತ್ತು. ಇನ್ನೂ ತಡವಾದರೆ ಮಕ್ಕಳನ್ನು ಡ್ಯಾನ್ಸ್ ಕ್ಲಾಸಿಗೆ ಹಾಕುತ್ತೇವೆ ಎಂದು ತಾಯಂದಿರು ಆಗಲೇ ಹೇಳಿಯಾಗಿತ್ತು.

ಶನಿವಾರ ಮಧ್ಯಾಹ್ನ ಸೆಟ್ಟು ತರಲು ನಾನು ಫರೀದಾಬಾದಿಗೆ ಹೋದೆ. ಚಿಕ್ಕಮ್ಮ ಕಿಟಕಿಯ ಬೆಳಕಿಗೆ ಅದನ್ನು ಹಿಡಿದುಕೊಂಡು ನಿಂತಿದ್ದಳು. "ಅವಸರಕ್ಕೆ ಉರಿ ಜಾಸ್ತಿ ಮಾಡ್ಬಿಟ್ಟೆ ಕಣೋ" ಎಂದಳು. ಮೂವತ್ತು ವರ್ಷದಲ್ಲಿ ಮೊದಲ ಸಲ! ದಪ್ಪ ಇರುವ ಕಡೆ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳು. ನನಗೆ ಅವಳು ತೋರಿಸಿದ ಮೇಲೂ ಕಾಣಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದರೆ "ಚಲೇಗಾ", ನಡೆಯುತ್ತೆ ಬಿಡಿ, ಎಂದರು. ಅವಳು ಫೋನಿಟ್ಟು, ಸುತ್ತಿಗೆ ತೆಗೆದುಕೊಂಡು ಒಂದೇ ಏಟಿಗೆ ಒಡೆದುಬಿಟ್ಟಳು.

ನಾನು ರೇಗಿಬಿಟ್ಟೆ. ವಿಷಯ ತಿಳಿಸಿದರೆ ಅಮ್ಮ ಫೋನಿನಲ್ಲೇ ಅತ್ತಳು. "ನಂಗೇನು ಇನ್ನು ನೂರು ವರ್ಷಕ್ಕೆ ಬೇಕಿತ್ತೇನೇ ಅದು?" ಎಂದು ತಂಗಿಯನ್ನು ಕೇಳಿದಳು. ಚಿಕ್ಕಮ್ಮ ಹೊಸ ಪುಡಿಯ ಡಬ್ಬಿ ತೆಗೆದಳು. ಆ ಭಾನುವಾರ ಕ್ಲಾಸಿಗೆ ಬೀಗ ಬಿತ್ತು. ಏಳು ಮಕ್ಕಳು ಡ್ಯಾನ್ಸಿಗೆ ಸೇರಿದರು.

ಮುಂದಿನ ಭಾನುವಾರ ಬಂದವರು ನಾಲ್ವರು. ಅಮ್ಮ ಹೊಸ ಸೆಟ್ಟು ಹಾಕಿಕೊಂಡು, ಸೆರಗನ್ನು ಸೊಂಟಕ್ಕೆ ಸಿಗಿಸಿ, ಬೋರ್ಡಿನ ಮುಂದೆ ನಿಂತಳು. ಚಿಕ್ಕಮ್ಮ ನನ್ನ ಪಕ್ಕ ಕೊನೆಯ ಬೆಂಚಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಳು. "ಸ... ಸರ. ಸ... ಸಂತೆ." ಟಕ್ ಇಲ್ಲ, ಜಾರುವುದಿಲ್ಲ. ಮಕ್ಕಳು ನಗಲಿಲ್ಲ, ಜೋರಾಗಿ ಹೇಳಿದರು. ಪಕ್ಕದಿಂದಲೂ ಒಂದು ದನಿ ಕೇಳಿಸಿತು. ತಿರುಗಿದರೆ ಚಿಕ್ಕಮ್ಮನೂ ಮಕ್ಕಳ ಜೊತೆ ಹೇಳುತ್ತಿದ್ದಾಳೆ, ಕೆನ್ನೆಯ ಮೇಲೆ ಧಾರಾಕಾರ ನೀರು!

"ಏನಾಯ್ತು ಚಿಕ್ಕಮ್ಮಾ?" ಎಂದೆ.

"ನಮ್ಮಮ್ಮನಿಗೆ ಓದು ಬರ್ತಿರ್ಲಿಲ್ಲ. ನಂಗೆ ಅ ಆ ಇ ಈ ಹೇಳ್ಕೊಟ್ಟಿದ್ದು ಅಕ್ಕನ ಆ ಬಾಯೇ ಕಣೋ. ಅದಕ್ಕೆ ಗುಳ್ಳೆ ಬಿದ್ದಿದ್ದು ಹೇಗೆ ಕೊಡ್ಲಿ?"

"ಹಿಂದೆ ಯಾರದು ಸದ್ದು?" ಅಮ್ಮ ಬೋರ್ಡಿನ ಹತ್ತಿರದಿಂದ ಗದರಿದಳು. ಒಂದೊಂದು ಅಕ್ಷರವೂ ಕಡೆದಿಟ್ಟ ಹಾಗೆ ಕೇಳಿಸಿತು.

ಅರವತ್ತು ದಾಟಿದ ನಮ್ಮ ಚಿಕ್ಕಮ್ಮ ಕಣ್ಣೊರೆಸಿಕೊಂಡು, ಎದ್ದು, ಕೈಕಟ್ಟಿ ನಿಂತಳು.