ಮೇಷ್ಟ್ರ ನಲವತ್ತು ಸುತ್ತು

ರಾಜಧಾನಿಗೆ ಏಳು ದೇಶಗಳ ನಾಯಕರು ಬಂದರೆ ಹೆಡ್‌ಮೇಷ್ಟ್ರ ಹೆಂಡತಿಯ ಒದ್ದೆ ಬೆಡ್‌ಶೀಟಿಗೇನು ತೊಂದರೆ ಎಂದು ನೀವು ಕೇಳಬಹುದು. ಇತ್ತು ಸ್ವಾಮಿ, ತೊಂದರೆ ಇತ್ತು. ಆ ಮಹನೀಯರು ಇಳಿದುಕೊಳ್ಳುವ ಅತಿಥಿಗೃಹ ಇವರ ಬೀದಿಯ ಕೊನೆಯಲ್ಲೇ ಇತ್ತು. ಹಾಗಾಗಿ ಒಂದು ವಾರ ಯಾರೂ ತಾರಸಿಯ ಮೇಲೆ ಬಟ್ಟೆ ಒಣಹಾಕಕೂಡದು, ಪೊಲೀಸರ ನೋಟಕ್ಕೆ ಅಡ್ಡವಾಗುತ್ತದೆ ಎಂದು ಆಜ್ಞೆಯಾಯಿತು. ಬೀದಿಯ ಎರಡೂ ತುದಿಗೆ ಬ್ಯಾರಿಕೇಡು ಬಂತು. ಎದುರಿನ ನಾಲ್ಕಂತಸ್ತಿನ ಬ್ಯಾಂಕಿನ ನೆತ್ತಿಯ ಮೇಲೆ ದುರ್ಬೀನು ಹಿಡಿದ ಪೊಲೀಸನೊಬ್ಬ ಬಂದು ಕೂತ.

"ಸೋಪು ತರೋಕೆ ಹೋದ್ರೆ ಗುರುತಿನ ಚೀಟಿ ಕೇಳ್ತಾರೆ, ವಾಪಸ್ ಬರುವಾಗ ಮತ್ತೆ ಕೇಳ್ತಾರೆ. ಐದು ನಿಮಿಷದಲ್ಲಿ ನಾನೇನು ಬೇರೆಯವಳಾಗಿ ಹೋಗ್ತೀನಾ?" ಎಂದು ಮೇಷ್ಟ್ರ ಹೆಂಡತಿ ಚೀಲ ಕುಕ್ಕಿದರು.

ಅಂಥ ಭಾಗ್ಯ ನಮಗೆಲ್ಲಿ ಎಂದು ಮೇಷ್ಟ್ರು ಮನಸ್ಸಿನಲ್ಲೇ ಅಂದುಕೊಂಡರು. (ಮನಸ್ಸಿಗೆ ಇನ್ನೂ ಬ್ಯಾರಿಕೇಡು ಹಾಕಿರಲಿಲ್ಲ.) ಬಾಯಲ್ಲಿ ಬೇರೆಯೇ ಬಂತು.

"ಬಚ್ಚಿಡೋಕೆ ಏನೂ ಇಲ್ಲದವರಿಗೆ ಭಯ ಯಾಕೆ?"

"ಭಯ ಅಲ್ಲ ಕಣ್ರೀ, ಬಟ್ಟೆ! ಹಾಲ್‌ನಲ್ಲಿ ಫ್ಯಾನಿನ ಕೆಳಗೆ ನಿಮ್ಮ ಚಡ್ಡಿ ಹಾರಾಡ್ತಿದೆ. ಏಳು ದೇಶದ ಬಾವುಟದ ಜೊತೆಗೆ ಎಂಟನೇದು. ಎಲ್ಲದಕ್ಕೂ ಒಂದು ಮಿತಿ ಬೇಡ್ವಾ?"

"ಭದ್ರತೆಗೆ ಮಿತಿ ಇರಬಾರದು ಕಣೇ. ಕಣ್ಣು ಸದಾ ತೆರೆದಿರಬೇಕು."

ಈ ಮಾತಿಗೆ ಅಧಿಕಾರ ಇತ್ತು. ಮೂವತ್ತನಾಲ್ಕು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಗಸ್ತು ತಿರುಗಿ, ಕಾಲರಿನೊಳಗಿನ ಚೀಟಿ, ಅಂಗೈ ಮೇಲಿನ ಸೂತ್ರ, ಸ್ಕೇಲಿನ ಹಿಂದಿನ ಇಸವಿ ಎಲ್ಲವನ್ನೂ ಹಿಡಿದ ಮನುಷ್ಯ ಅವರು. ಅವರು ಒಳಗೆ ಬಂದರೆ ಏನೂ ತಪ್ಪು ಮಾಡದ ಹುಡುಗರೂ ಬೆವರುತ್ತಿದ್ದರಂತೆ. ಆ ಉತ್ಸಾಹದಲ್ಲೇ ಮೇಷ್ಟ್ರು ಅವತ್ತು ಪತ್ರಿಕೆಗೊಂದು ಪತ್ರ ಬರೆದು ಕಳಿಸಿದರು.

ಈಗ ಒಂದು ಗುಟ್ಟು ಹೇಳಬೇಕು. ನಿಮ್ಮಲ್ಲೇ ಇರಲಿ.

ಕಳೆದ ವರ್ಷ ಮೇಷ್ಟ್ರಿಗೆ ಎದೆ ಹಿಡಿದುಕೊಂಡು ಮೂರು ದಿನ ಆಸ್ಪತ್ರೆಯಲ್ಲಿರಬೇಕಾಗಿತ್ತು. ದಿನಾ ಬೆಳಗ್ಗೆ ಚುರುಕಾಗಿ ನಡೆಯಬೇಕು, ನಡೆದರೆ ಮಾತ್ರ ಬ್ರೆಡ್ಡಿಗೆ ಚೂರು ಬೆಣ್ಣೆ ಎಂದು ಡಾಕ್ಟರು ತೀರ್ಪಿತ್ತಿದ್ದರು. ತಾರಸಿಯ ಮೇಲೆ ನೀರಿನ ಟ್ಯಾಂಕಿನ ಸುತ್ತ ನಲವತ್ತು ಸುತ್ತು ಎಂದು ಹೆಂಡತಿ ಲೆಕ್ಕ ಹಾಕಿಟ್ಟರು. ಅಡುಗೆಮನೆ ಸರಿಯಾಗಿ ತಾರಸಿಯ ಕೆಳಗೇ ಇತ್ತು. ಟೀ ಕಾಯಿಸುತ್ತಾ ಅವರು ಮೇಲಿನ ಹೆಜ್ಜೆ ಸಪ್ಪಳವನ್ನು ಎಣಿಸುತ್ತಿದ್ದರು.

ಮೇಷ್ಟ್ರು ಒಂಬತ್ತು ದಿನ ನಡೆದರು. ಹತ್ತನೆಯ ದಿನ ಮಂಡಿ ನೋವಿಗೆ ಬಕೆಟ್ ಬೋರಲು ಹಾಕಿ ಕೂತವರು, ಆಮೇಲೆ ಏಳಲಿಲ್ಲ. ಎರಡೂ ಕೈಗೆ ಚಪ್ಪಲಿ ತೊಟ್ಟು, ಮುಂದೆ ಪೇಪರ್ ಹರಡಿಕೊಂಡು, ಓದುತ್ತಾ ನೆಲ ಬಡಿಯುವುದನ್ನು ಕಲಿತರು. ಟ್ಯಾಂಕಿನ ಆಚೆ ಹೋದಂತೆ ಮೆಲ್ಲಗೆ, ಈಚೆ ಬಂದಂತೆ ಜೋರಾಗಿ. ಕಲೆ ಎಂದರೆ ಕಲೆ! ಕೊನೆಗೆ ಟ್ಯಾಂಕಿನ ನಲ್ಲಿಯಿಂದ ಹಣೆಗೂ ಬೆನ್ನಿಗೂ ಒಂದಿಷ್ಟು ನೀರು ಚಿಮುಕಿಸಿಕೊಂಡು ಕೆಳಗಿಳಿದರೆ, ಹೆಂಡತಿ "ಅಯ್ಯೋ, ಎಷ್ಟು ಬೆವರಿದ್ದೀರಿ!" ಎಂದು ತಾವೇ ಬೆಣ್ಣೆ ಸವರಿ ಕೊಡುತ್ತಿದ್ದರು. ತಾರಸಿಯ ಗೋಡೆ ಎದೆಯೆತ್ತರ ಇದ್ದುದರಿಂದ ಅಕ್ಕಪಕ್ಕದವರಿಗೆ ಕಾಣುತ್ತಿರಲಿಲ್ಲ. ಬ್ಯಾಂಕಿನ ಮೇಲಿನ ಪೊಲೀಸ್? ಅವನ ಕಣ್ಣು ಅತಿಥಿಗೃಹದ ಮೇಲಲ್ಲವೇ ಎಂದು ಮೇಷ್ಟ್ರು ನೆಮ್ಮದಿಯಾಗಿದ್ದರು.

ನಾಲ್ಕನೆಯ ದಿನ, ಬೆಣ್ಣೆ ಬ್ರೆಡ್ಡು ಬಾಯಿಗೂ ಕೈಗೂ ನಡುವೆ ಇದ್ದಾಗ, ಬಾಗಿಲು ಬಡಿದ ಸದ್ದಾಯಿತು. ಇಬ್ಬರು ಪೊಲೀಸರನ್ನು ಹಿಂದಿಟ್ಟುಕೊಂಡು ಇನ್ಸ್‌ಪೆಕ್ಟರಮ್ಮ ನಿಂತಿದ್ದರು. ಕೈಯಲ್ಲಿ ಒಂದು ರಿಜಿಸ್ಟರು.

"ಹೆದರಬೇಡಿ, ಒಂದು ಸಣ್ಣ ವಿಚಾರಣೆ," ಎಂದು ಆಕೆ ಓದತೊಡಗಿದರು. "'ಸೋಮವಾರ, ಆರು ಹತ್ತು. ವಯಸ್ಸಾದ ವ್ಯಕ್ತಿ ತಾರಸಿಗೆ ಬಂದರು. ಬಕೆಟ್ ಮೇಲೆ ಕುಳಿತರು. ಕೈಗಳಿಗೆ ಚಪ್ಪಲಿ ಹಾಕಿಕೊಂಡು ನೆಲಕ್ಕೆ ಬಡಿದರು, ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ. ಕಾರಣ ತಿಳಿಯಲಿಲ್ಲ. ಮಂಗಳವಾರ, ಅದೇ. ಬುಧವಾರ, ಅದೇ. ರಹಸ್ಯ ಸಂಜ್ಞೆ ಇರಬಹುದು. ಶಂಕಾಸ್ಪದ.' ಏನ್ ಸಾರ್ ಇದು? ಯಾರಿಗೆ ಸಂಜ್ಞೆ ಕೊಡ್ತಿದ್ರಿ?"

ಮೇಷ್ಟ್ರು ಕೈಯಲ್ಲಿದ್ದ ಬ್ರೆಡ್ಡನ್ನು ಮೆಲ್ಲಗೆ ತಟ್ಟೆಗಿಟ್ಟರು. ಆದರೆ ಅವರ ಹೆಂಡತಿ ಸೆರಗು ಕಟ್ಟಿ ರಣರಂಗಕ್ಕೆ ಇಳಿದೇಬಿಟ್ಟರು.

"ಸಂಜ್ಞೆಯಂತೆ ಸಂಜ್ಞೆ! ಆ ಹೊತ್ತಲ್ಲಿ ನಮ್ಮ ಯಜಮಾನರು ನಲವತ್ತು ಸುತ್ತು ನಡೀತಾರೆ. ಕೆಳಗೆ ನಿಂತು ನಾನೇ ಎಣಿಸ್ತೀನಿ. ಮುಟ್ಟಿ ನೋಡಿ, ಅಂಗಿ ಇನ್ನೂ ಒದ್ದೆ ಇದೆ. ನಿಮ್ಮವರ ದುರ್ಬೀನು ಕೆಟ್ಟಿರಬೇಕು ಮೇಡಂ. ಇಂಥ ಮನುಷ್ಯರ ಮೇಲೆ ಅನುಮಾನ ಅಂದ್ರೆ ಇದು ತೀರಾ ಅತಿಯಾಯ್ತು!"

ಇಷ್ಟು ವರ್ಷಗಳಲ್ಲಿ ಹೆಂಡತಿ ತಮ್ಮ ಪರವಾಗಿ ಹೀಗೆ ವಾದಿಸಿದ್ದನ್ನು ಮೇಷ್ಟ್ರು ಕಂಡಿರಲಿಲ್ಲ. ಈ ಸೌಭಾಗ್ಯ ಇವತ್ತೇ ಬರಬೇಕಿತ್ತೇ? ಅವರಿಗೆ ನಿಜವಾಗಿಯೂ ಅಳು ಬರುವಂತಾಯಿತು.

"ಸತ್ಯ ಹೇಳಿದ್ರೆ ಇಲ್ಲೇ ಮುಗಿಯುತ್ತೆ ಸಾರ್. ಇಲ್ಲಾಂದ್ರೆ ಸ್ಟೇಷನ್‌ಗೆ ಬರಬೇಕಾಗುತ್ತೆ," ಎಂದರು ಇನ್ಸ್‌ಪೆಕ್ಟರಮ್ಮ.

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಸ್ಟೇಷನ್ನೇ ವಾಸಿ ಎನ್ನಿಸಿತು. ಆದರೆ ಹಾಗೆ ಹೋದರೆ ಈಕೆ ಜೊತೆಗೇ ಬಂದು, ಆಸ್ಪತ್ರೆಯಲ್ಲಿ ಕೂತಂತೆ ಅಲ್ಲಿನ ಬೆಂಚಿನ ಮೇಲೂ ಕೂತು, ಇದೇ ನಲವತ್ತು ಸುತ್ತಿನ ಸಾಕ್ಷಿ ನುಡಿಯುತ್ತಾಳೆ. ಅದನ್ನು ನೆನೆದು ಮೇಷ್ಟ್ರ ಎದೆ ಕರಗಿತು.

"ಹೆಂಡತಿಗೆ," ಎಂದರು ಸಣ್ಣ ದನಿಯಲ್ಲಿ.

"ಏನು?"

"ಸಂಜ್ಞೆ. ಇವಳಿಗೆ ಕೊಡ್ತಿದ್ದೆ. ನಡೀತಿದ್ದೀನಿ ಅಂತ."

ಹಾಲ್‌ನಲ್ಲಿ ಚಡ್ಡಿ ಹಾರಾಡುತ್ತಲೇ ಇತ್ತು. ಇನ್ಸ್‌ಪೆಕ್ಟರಮ್ಮ ಮೇಷ್ಟ್ರನ್ನು ನೋಡಿದರು, ಅವರ ಹೆಂಡತಿಯನ್ನು ನೋಡಿದರು, ರಿಜಿಸ್ಟರು ಮುಚ್ಚಿದರು. "ಇದು ನಮ್ಮ ವ್ಯಾಪ್ತಿಗೆ ಬರಲ್ಲ ಅಮ್ಮ, ನಿಮ್ಮದಕ್ಕೆ ಬರುತ್ತೆ," ಎಂದು ಹೇಳಿ ಇಬ್ಬರು ಪೊಲೀಸರನ್ನೂ ಕರೆದುಕೊಂಡು ಹೊರಟುಹೋದರು.

ಬೈಗುಳಕ್ಕೆ ಮೇಷ್ಟ್ರು ತಲೆ ತಗ್ಗಿಸಿ ಸಿದ್ಧರಾಗಿ ನಿಂತರು. ಬೈಗುಳ ಬರಲಿಲ್ಲ.

"ಆಸ್ಪತ್ರೇಲಿ ಮೂರು ದಿನ ಆ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದೆ," ಎಂದರು ಆಕೆ. "ಆವತ್ತಿಂದ ದಿನಾ ಬೆಳಗ್ಗೆ ಮೇಲೆ ಆ ಟಪಟಪ ಕೇಳಿಸಿದ್ರೆ, ಸದ್ಯ, ಗಟ್ಟಿಯಾಗಿದ್ದಾರೆ ಅಂತ ಜೀವಕ್ಕೆ ಸಮಾಧಾನ ಆಗೋದು. ಅದೂ ಸುಳ್ಳೇನ್ರೀ?"

ಸಾವಿರಾರು ಮಕ್ಕಳಿಗೆ ಪ್ರಶ್ನೆ ಕೇಳಿದ್ದ ಮೇಷ್ಟ್ರು ತಟ್ಟೆಯಲ್ಲಿದ್ದ ಬೆಣ್ಣೆ ಬ್ರೆಡ್ಡನ್ನು ತಾವಾಗಿಯೇ ದೂರ ಸರಿಸಿದರು. ಮರುದಿನದಿಂದ ಪ್ರಾಮಾಣಿಕವಾಗಿ ನಡೆದರು, ಶುಕ್ರವಾರ ಹನ್ನೊಂದು ಸುತ್ತು, ಶನಿವಾರ ಹದಿನಾಲ್ಕು. ಹೆಂಡತಿ ಎಣಿಸುತ್ತಿದ್ದರೋ ಇಲ್ಲವೋ, ಕೇಳುವ ಧೈರ್ಯವಾಗಲಿಲ್ಲ.

ಭಾನುವಾರ ನಾಯಕರು ಹೋದರು, ಬ್ಯಾರಿಕೇಡು ಹೋಯಿತು, ದುರ್ಬೀನೂ ಹೋಯಿತು. ಸೋಮವಾರ ಬೆಳಗ್ಗೆ ಮೇಷ್ಟ್ರು ಹಗುರಾಗಿ ಮೆಟ್ಟಿಲು ಹತ್ತಿದರು. (ಇವತ್ತೊಂದು ದಿನ ಐದೇ ನಿಮಿಷ ಬಕೆಟ್ ಮೇಲೆ ಕೂತರೆ ಯಾರ ಗಂಟು ಹೋಗುತ್ತದೆ ಎಂಬ ಯೋಚನೆ ಇತ್ತೆಂಬುದನ್ನು ಮುಚ್ಚಿಡುವುದಿಲ್ಲ.)

ಬಕೆಟ್ ಮೇಲೆ ಹೆಂಡತಿ ಕೂತಿದ್ದರು. ಕೈಯಲ್ಲಿ ಹೊಸ ನೋಟ್‌ಬುಕ್ಕು, ಕಿವಿಯ ಸಂದಿಯಲ್ಲಿ ಪೆನ್ಸಿಲ್.

"ಎರಡೂ ಕೈ ಮೇಲೆತ್ತಿ ತೋರಿಸಿ. ಹೂಂ. ಚಪ್ಪಲಿ ಕಾಲಲ್ಲೇ ಇರಬೇಕು. ನಲ್ಲಿ ಕಡೆ ಹೋಗೋ ಹಾಗಿಲ್ಲ. ಶುರು ಮಾಡಿ."

"ಇದು ಅತಿಯಾಯ್ತು ಕಣೇ! ಮನುಷ್ಯನಿಗೆ ಅವನ ಸ್ವಂತ ತಾರಸಿ ಮೇಲಾದ್ರೂ ಸ್ವಾತಂತ್ರ್ಯ ಬೇಡ್ವಾ? ಎಲ್ಲದಕ್ಕೂ ಒಂದು ಮಿತಿ..."

ಆಕೆ ನೋಟ್‌ಬುಕ್ಕಿನ ಮೊದಲ ಪುಟ ತೆರೆದು ತೋರಿಸಿದರು. ಅಂದು ಬೆಳಗ್ಗೆ ಬಂದ ಪೇಪರಿನಿಂದ ಕತ್ತರಿಸಿ ಅಂಟಿಸಿದ್ದ ಪತ್ರ. ಕೆಳಗೆ ಮೇಷ್ಟ್ರದೇ ಹೆಸರು. ‘ಇಂಥ ಕಟ್ಟೆಚ್ಚರ ಒಂದು ವಾರಕ್ಕೆ ಮುಗಿಯದೆ ವರ್ಷವಿಡೀ ಇರಲಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿಗಷ್ಟೇ ಇದರಿಂದ ಕಷ್ಟ.’

ಮೇಷ್ಟ್ರ ಬಲಗೈ ತಾನಾಗಿಯೇ ಹೆಗಲಿಗೆ ಹೋಯಿತು. ನಡೆಯಲು ಶುರು ಮಾಡಿದರು.

ಮೂವತ್ತನೆಯ ಸುತ್ತಿಗೆ ಹೆಂಡತಿ ಎದ್ದು, ನೋಟ್‌ಬುಕ್ಕು ಹಿಡಿದುಕೊಂಡೇ ಪಕ್ಕದಲ್ಲಿ ಹೆಜ್ಜೆ ಹಾಕತೊಡಗಿದರು. ಕಾವಲಿಗೋ ಜೊತೆಗೋ ಹೇಳಲಿಲ್ಲ. ನಲವತ್ತು ಮುಗಿದ ಮೇಲೆ ಏದುಸಿರು ಬಿಡುತ್ತಿದ್ದ ಗಂಡನ ಹಣೆಯನ್ನು ಒಂದು ಬೆರಳಿಂದ ಸವರಿ, ನಾಲಿಗೆಗೆ ಮುಟ್ಟಿಸಿ ನೋಡಿ, ಪೆನ್ಸಿಲ್ ತೆಗೆದು ಬರೆದರು: ‘ಉಪ್ಪಿದೆ. ಬೆಣ್ಣೆ ಕೊಡಬಹುದು.’