ಸೆರಗಿನ ಮರೆಯಲ್ಲಿ ಕಾಣದೆ ಹೋದ ಪಿಸ್ತೂಲಿನ ಕುರಿತು

ನೈರೋಬಿ, ಮಾರ್ಚ್ 1999

ನಮ್ಮ ಪಿಸ್ತೂಲು ಕ್ಲಬ್ಬಿನ ತೀರ್ಪುಗಾರರೂ, ಹರ್ಲಿಂಗ್‌ಹ್ಯಾಮಿನಲ್ಲಿ ನಮ್ಮ ನೆರೆಮನೆಯವರೂ, ಹೆಂಗಸರನ್ನು ಕಣ್ಣೆತ್ತಿಯೂ ನೋಡದ ಸಜ್ಜನರೂ ಆದ ಶ್ರೀ ವಲೇರಿಯನ್ ಅವರಿಗೆ ರಸಾಯನಶಾಸ್ತ್ರದ ಅಧ್ಯಾಪಕಿ ಕಮಲಾಕ್ಷಿಯ ಸವಿನಯ ನಮಸ್ಕಾರಗಳು.

ಮಾನ್ಯರೇ,

ಮೊಂಬಾಸಾ ಪಂದ್ಯಕ್ಕೆ ಹೋಗುವ ತಂಡದಲ್ಲಿ ಉಳಿದಿದ್ದ ಒಂದೇ ಸ್ಥಾನಕ್ಕೆ ಕಳೆದ ಶನಿವಾರ ನಡೆದ ಆಯ್ಕೆಯಲ್ಲಿ, ಒಂದು ಗುಂಡನ್ನೂ ಹಾರಿಸದೆ ನಾನು ಹೊರಬಿದ್ದ ಸಂಗತಿ ತಮಗೆ ತಿಳಿದೇ ಇದೆ, ಏಕೆಂದರೆ ಹೊರಗೆ ಹಾಕಿದವರು ತಾವೇ. ಈ ಪತ್ರವನ್ನು ಕನ್ನಡ ಸಂಘದ ವಾರ್ತಾಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿರುವುದು ತಮ್ಮ ಕೀರ್ತಿ ನಾಲ್ಕು ಜನಕ್ಕೆ ಮುಟ್ಟಲೆಂದೇ ಹೊರತು ಬೇರೆ ಯಾವ ದುರುದ್ದೇಶದಿಂದಲೂ ಅಲ್ಲ.

ನಮ್ಮ ಕ್ಲಬ್ಬಿನ ನಿಯಮ ಬಲು ಸೊಗಸಾದದ್ದು. ಪಿಸ್ತೂಲು ಸೊಂಟದ ಚರ್ಮದ ಒರೆಯಲ್ಲಿ, ಅಂದರೆ ಹೋಲ್‌ಸ್ಟರಿನಲ್ಲಿ, ಇದ್ದು ಉಡುಪಿನ ಮರೆಯಲ್ಲಿರಬೇಕು, ತೋಳು ಚಾಚಿ ನಿಂತರೂ ಕಾಣಬಾರದು, ಗುಂಡು ಹಾರಿಸುವ ಸಂಜ್ಞೆಗೆ ಮೊದಲು ಸ್ಪರ್ಧಿ ಅದನ್ನು ತೋರಿಸಿದರೆ ಅವತ್ತಿಗೆ ಮನೆಗೆ. ಮರೆ ಸರಿಸಿ ನೋಡುವ ಅಧಿಕಾರ ತೀರ್ಪುಗಾರರಿಗೆ ಮಾತ್ರ. ಗಂಡಸರು ಇದಕ್ಕಾಗಿ ಮೈತುಂಬ ಜೇಬಿರುವ ತೋಳಿಲ್ಲದ ಕೋಟು ತೊಡುತ್ತಾರೆ. ಆ ಕೋಟು ಎಷ್ಟು ಚೆನ್ನಾಗಿ ಗುಟ್ಟು ಕಾಪಾಡುತ್ತದೆಂದರೆ, ಕಂಡೊಡನೆ ಮಟಾಟು ವ್ಯಾನಿನಲ್ಲಿ ಜನ ಒಳಗೇನಿದೆಯೆಂದು ತಿಳಿದು ಸರಿದು ಇಡೀ ಸೀಟು ಬಿಟ್ಟುಕೊಡುತ್ತಾರೆ. ನಾನು ಸೀರೆಯ ಮೇಲೆ ಬೆಲ್ಟು ಬಿಗಿದು, ಮೈಸೂರಿನಲ್ಲಿ ಅಮ್ಮ ಬೀಗದ ಕೈಗೊಂಚಲನ್ನು ಮರೆಮಾಡುತ್ತಿದ್ದ ಹಾಗೆ ಸೆರಗು ಸುತ್ತಿ ಬಂದು ನಿಂತೆ.

ತೋಳು ಚಾಚಿದೆ. ತಾವು ಆಕಾಶ ನೋಡುತ್ತಲೇ ನನಗೊಂದು ಪ್ರದಕ್ಷಿಣೆ ಹಾಕಿ, "ಅಲ್ಲ ಮಾರಾಯ್ರೆ, ಪಿಸ್ತೂಲು ಎಲ್ಲುಂಟು? ಒಮ್ಮೆ ತೋರಿಸಿ ನೋಡುವ" ಎಂದಿರಿ. ತೋರಿಸಿದರೆ ನಿಯಮಭಂಗ, ತೋರಿಸದಿದ್ದರೆ ಪಿಸ್ತೂಲೇ ಇಲ್ಲ. ಸೆರಗಿನ ಅಂಚನ್ನು ತಾವೇ ಒಂದಿಷ್ಟು ಸರಿಸಿ ನೋಡಬಹುದೆಂದು ನಾನು ಹೇಳಿದ್ದೇ ತಡ, ತಮ್ಮ ಕಿವಿಯವರೆಗೆ ಕೆಂಪೇರಿತು. "ಛೆ ಛೆ, ಅದೆಲ್ಲ ನನ್ನಿಂದ ಆಗುವ ಕೆಲಸವಲ್ಲ" ಎಂದು ನನ್ನ ಹೆಸರಿನೆದುರು 'ನಿರಾಯುಧೆ' ಎಂದು ಬರೆದಿರಿ. ಬಳಿಕ ಬಂದ ಸ್ಪರ್ಧಿ ಫೆಲಿಕ್ಸರ ಕೋಟು ಗಾಳಿಗೆ ಹಾರಿ, ಪಿಸ್ತೂಲಿನ ಹಿಡಿ ಇಡೀ ಮೈದಾನಕ್ಕೆ ದರ್ಶನ ಕೊಟ್ಟಾಗ, "ಇದು ಸರಿ ಉಂಟು" ಎಂದು ಅವರನ್ನೇ ಆರಿಸಿದಿರಿ. ಮನೆಗೆ ಬಂದು ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ? ಆ ಸ್ಥಾನಕ್ಕಾಗಿ ವರ್ಷವಿಡೀ ಬೆವರು ಸುರಿಸಿದ್ದೆ.

ಆದುದರಿಂದ ಎನ್‌ಗಾಂಗ್ ಬೆಟ್ಟದ ಗಾಳಿಗೆ ಫೆಲಿಕ್ಸರ ಆಸುಪಾಸಿನಲ್ಲಿ ಬೀಸಬಾರದೆಂದು ನೋಟಿಸು ಕೊಡಬೇಕಾಗಿಯೂ, ನೈರೋಬಿಯ ಕಳ್ಳರೆಲ್ಲರೂ ಜೇಬಿನ ಕೋಟು ತೊಟ್ಟವರನ್ನು ಕಂಡರೆ ಏನೂ ತಿಳಿಯದವರಂತೆ ನಟಿಸತಕ್ಕದ್ದೆಂದು ಸುತ್ತೋಲೆ ಹೊರಡಿಸಬೇಕಾಗಿಯೂ, ಇವೆರಡೂ ಕಷ್ಟವಾದರೆ ಆಯ್ಕೆಯನ್ನು ಮತ್ತೊಮ್ಮೆ ನಡೆಸಬೇಕಾಗಿಯೂ ಕೋರುತ್ತೇನೆ.

ದಾಖಲೆಯ ಪ್ರಕಾರ ನಿರಾಯುಧೆಯೂ,
ತಮ್ಮ ವಿಶ್ವಾಸಿಯೂ ಆದ
ಕಮಲಾಕ್ಷಿ

ತಾ.ಕ.: ತಮ್ಮ ಶ್ರೀಮತಿ ಗರ್ಟ್ರೂಡ್ ಅವರು ಈಚೆಗೆ ನನ್ನಲ್ಲಿ ಪಿಸ್ತೂಲಿನ ಪಾಠಕ್ಕೆ ಬರುತ್ತಿದ್ದಾರೆ. ಕಳೆದ ಭಾನುವಾರ ಚರ್ಚಿನಲ್ಲಿ, ಅಭ್ಯಾಸಕ್ಕೆಂದು ಸೆರಗಿನೊಳಗೆ ಖಾಲಿ ಹೋಲ್‌ಸ್ಟರ್ ಕಟ್ಟಿಕೊಂಡು ಪೂಜೆ ಮುಗಿಯುವವರೆಗೂ ತಮ್ಮ ಪಕ್ಕದಲ್ಲೇ ಕುಳಿತಿದ್ದರು, ತಮಗೆ ಕಾಣಲಿಲ್ಲ. ಮರು ಆಯ್ಕೆಗೆ ಅವರೂ ಬರುತ್ತಾರೆ. ಅವರ ಸೆರಗನ್ನಾದರೂ ಸರಿಸಿ ನೋಡಲು ತಮಗೆ ಸಂಕೋಚವಾಗದೆಂದು ನಂಬಿದ್ದೇನೆ.